ಮುಂಬಾಗಿಲಿನಿಂದ ಬಂದ ಅತಿಥಿ: ಕೋತಗಿರಿಯ ಹಳೆಯ ಬಂಗಲೆಗಳಲ್ಲಿ

ಭಾನುವಾರದ ಎರಡನೇ ಬಲಿಪೂಜೆ ಮುಗಿಸಿ ಹೊರಬರುವಾಗ ನಮ್ಮ ಧರ್ಮಕೇಂದ್ರದ ದಂಪತಿಗಳಿಬ್ಬರು ಪಕ್ಕದ ಬಾಗಿಲಲ್ಲಿ ಕಾದು ನಿಂತಿದ್ದರು. ಮದುವೆಯಾಗಿ 25 ವರ್ಷ ತುಂಬಿತ್ತು. ಊಟ ಹಾಕಿಸುವುದು, ಶಾಮಿಯಾನ ಕಟ್ಟಿಸುವುದು ಏನೂ ಬೇಡ, ಅಪ್ಪ ಅಮ್ಮ ಎಲ್ಲಾದರೂ ಎರಡು ದಿನ ಹೋಗಿ ಹಾಯಾಗಿ ಇದ್ದು ಬರಲಿ ಎಂದು ದುಡಿಯುವ ಮಕ್ಕಳಿಬ್ಬರೂ ಹಣ ಕೂಡಿಸಿ ಕೊಟ್ಟಿದ್ದರಂತೆ.

"ಸ್ವಾಮಿ, ನೀವು ಇಂಗ್ಲೆಂಡಿಗೆಲ್ಲ ಹೋಗಿ ಬಂದೋರು. ಟೀವೀಲಿ ತೋರಿಸ್ತಾರಲ್ಲ, ಹಳ್ಳೀಲಿ ಕಲ್ಲಿನ ಮನೆ, ಒಳಗೆ ಬೆಂಕಿ ಉರೀತಿರುತ್ತೆ, ಹೊರಗೆ ಮಂಜು. ಅಂಥಾ ಹೋಟ್ಲು ನಮ್ಮ ಕಡೆ ಎಲ್ಲಿದೆ ಹೇಳಿ" ಎಂದರು ಯಜಮಾನರು.

ಊಟಿ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಕೆ ಮೆಲ್ಲಗೆ, "ಕೋತಗಿರಿಗೆ ಹೋಗ್ಬೇಕು ಅಂತ ನನಗಾಸೆ ಸ್ವಾಮಿ. ಅಲ್ಲಿಂದ ಕೆಳಗೆ, ಕೀಳ್ ಕೋತಗಿರಿ. ನಮ್ಮಪ್ಪ ಅಲ್ಲಿ ತೋಟದ ಬಂಗಲೇಲಿ ಬಟ್ಲರ್ ಆಗಿದ್ರು" ಎಂದರು.

"ಅಲ್ಲೇನಿದೆ, ಬರೀ ಟೀ ಗಿಡ!" ಎಂದು ಯಜಮಾನರು ನಕ್ಕರು. ಆಕೆ ನಗಲಿಲ್ಲ.

ಆ ಮಾತಿನಿಂದಾಗಿ ಈ ಲೇಖನ ಬರೆಯುವಂತಾಯಿತು. ಬೇಸಿಗೆ ರಜೆ ಬಂತೆಂದರೆ ನಮ್ಮ ಅನೇಕ ಕುಟುಂಬಗಳು ನೀಲಗಿರಿಗೆ ಹೊರಡುತ್ತವೆ. ಊಟಿಯ ಬಸ್ ನಿಲ್ದಾಣದ ಹತ್ತಿರ ಸಿಕ್ಕಿದ ಲಾಡ್ಜಿನಲ್ಲಿ ತಂಗಿ, ಬಟಾನಿಕಲ್ ಗಾರ್ಡನ್ನು, ದೋಣಿ ಮನೆ, ಚಾಕಲೇಟು ಅಂಗಡಿ ಮುಗಿಸಿ, ಮಕ್ಕಳಿಗೆ ಶೀತ ಹತ್ತಿಸಿಕೊಂಡು ಮರಳುತ್ತವೆ. ತಪ್ಪೇನಿಲ್ಲ. ಆದರೆ ತಂಗುವ ಮನೆಯೇ ನೋಡುವ ಜಾಗವಾಗಿರುವಂಥ ಪ್ರವಾಸವೂ ಒಂದುಂಟು. ಅದರ ಬಗ್ಗೆ ನಾಲ್ಕು ಮಾತು.

ಇಂಗ್ಲೆಂಡಿನ ಹಳ್ಳಿಯ ತಂಗುಮನೆ

ರೋಮಿನಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆಯಲ್ಲಿ ನಾನು ಇಂಗ್ಲೆಂಡಿನ ಹಳ್ಳಿಯೊಂದರ ಧರ್ಮಕೇಂದ್ರಕ್ಕೆ ಸಹಾಯಕ್ಕೆಂದು ಹೋಗಿದ್ದೆ. ಅಲ್ಲಿನ ವಿಚಾರಣಾ ಗುರುಗಳು ವಯಸ್ಸಾದವರು. ಭಾನುವಾರ ಮಧ್ಯಾಹ್ನ ಅಡುಗೆ ಮಾಡುವ ಶಕ್ತಿ ಅವರಿಗೂ ಇಲ್ಲ, ವಿದ್ಯೆ ನನಗೂ ಇಲ್ಲ. ಹೀಗಾಗಿ ಊರ ನಡುವಿನ 'ಇನ್' ಎಂಬ ತಂಗುಮನೆಗೆ ಹೋಗುತ್ತಿದ್ದೆವು. ಬಾಗಿಲು ಎಷ್ಟು ತಗ್ಗೆಂದರೆ ಮೊದಲ ದಿನವೇ ನನ್ನ ಹಣೆಯಲ್ಲಿ ಗುಬುಟು ಎದ್ದಿತು. ನೆಲ ಒಂದು ಕಡೆಗೆ ವಾಲಿತ್ತು. ಮೇಜಿನ ಮೇಲೆ ಬಟಾಣಿ ಕಾಳು ಇಟ್ಟರೆ ಉರುಳುತ್ತಿತ್ತು! ಮರದ ತೊಲೆಗಳು ಹೊಗೆ ಹಿಡಿದು ನಮ್ಮ ಅಜ್ಜಿಯ ಅಡುಗೆಮನೆಯ ಬಣ್ಣಕ್ಕೆ ತಿರುಗಿದ್ದವು. ಯಾರೂ ಅದನ್ನು ಕೆಡವಿ ಹೊಸದಾಗಿ ಕಟ್ಟೋಣ ಎನ್ನುತ್ತಿರಲಿಲ್ಲ. ವಾಲಿದ ನೆಲಕ್ಕೆ ಊರಿಗೆ ಊರೇ ಹೊಂದಿಕೊಂಡಿತ್ತು.

ಇಂಥ ಮನೆಗಳ ಮೂಲ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಮಠದ ಬಾಗಿಲು. ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದು ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 53ನೇ ಅಧ್ಯಾಯದಲ್ಲಿ ಬರೆದಿಟ್ಟರಷ್ಟೆ. ಆ ಕಾರಣದಿಂದ ಮಧ್ಯಯುಗದ ಇಂಗ್ಲೆಂಡಿನಲ್ಲಿ ದಾರಿಹೋಕರಿಗೆ ಮಠದ ಅತಿಥಿಗೃಹವೇ ಆಸರೆ. ಯಾತ್ರಿಕರು ಹೆಚ್ಚಿದಂತೆ ಮಠಗಳೇ ಹೊರಗೆ ತಂಗುಮನೆಗಳನ್ನು ಕಟ್ಟಿಸಿದವು. ಗ್ಲಾಸ್ಟನ್‌ಬರಿಯ 'ಜಾರ್ಜ್ ಅಂಡ್ ಪಿಲ್‌ಗ್ರಿಮ್ಸ್' 15ನೇ ಶತಮಾನದಲ್ಲಿ ಅಲ್ಲಿನ ಮಠದ ಯಾತ್ರಿಕರಿಗಾಗಿ ಎದ್ದ ಕಟ್ಟಡ. ಗ್ಲಾಸ್ಟರಿನ 'ನ್ಯೂ ಇನ್' ಹೆಸರಿಗೆ ಹೊಸದು, ಆದರೆ 1450ರ ಸುಮಾರಿಗೆ ಒಬ್ಬ ಸನ್ಯಾಸಿ ಕಟ್ಟಿಸಿದ್ದು. 1536ರಿಂದ 1540ರ ನಡುವೆ ಎಂಟನೇ ಹೆನ್ರಿ ರಾಜನು ಮಠಗಳನ್ನು ಮುಚ್ಚಿಸಿದಾಗ ಸನ್ಯಾಸಿಗಳು ಹೋದರು, ಅವರು ಕಟ್ಟಿದ ತಂಗುಮನೆಗಳು ಮಾತ್ರ ಉಳಿದವು. ರೈ ಪಟ್ಟಣದ 'ಮರ್‌ಮೇಡ್ ಇನ್' ಎಂಬಲ್ಲಿ ಕಥೋಲಿಕ ಗುರುಗಳನ್ನು ಬಚ್ಚಿಡುತ್ತಿದ್ದರೆನ್ನುವ ಗೂಡನ್ನು ಈಗಲೂ ತೋರಿಸುತ್ತಾರೆ. ಆಮೇಲೆ ಕುದುರೆ ಗಾಡಿಗಳ ಕಾಲ ಬಂತು. ಗಾಡಿ ಒಳಗೆ ಬರಲು ದೊಡ್ಡ ಕಮಾನು, ಅಂಗಳ, ಸುತ್ತ ಮೊಗಸಾಲೆ. ಲಂಡನ್ನಿನ ಸದಕ್‌ನಲ್ಲಿ 1677ರಲ್ಲಿ ಮರುನಿರ್ಮಾಣವಾದ 'ಜಾರ್ಜ್ ಇನ್' ಈ ಮಾದರಿಯದು. 1840ರ ಹೊತ್ತಿಗೆ ರೈಲು ಬಂತು, ಹೆದ್ದಾರಿಯ ತಂಗುಮನೆಗಳು ಬಿಕೋ ಎಂದವು. ಯಾವ ಊರಿಗೆ ರೈಲು ಬರಲಿಲ್ಲವೋ ಅಲ್ಲಿನ ಮನೆಗಳು ಬದಲಾಗಲು ದುಡ್ಡಿಲ್ಲದೆ ಹಳೆಯವಾಗಿಯೇ ಉಳಿದವು. ಇಂದು ಜನ ಹುಡುಕಿಕೊಂಡು ಹೋಗುವುದು ಅವುಗಳನ್ನೇ.

ರೈಲಿನ ಈ ಮಾತನ್ನು ನೆನಪಿಟ್ಟುಕೊಳ್ಳಿ. ಕೋತಗಿರಿಯ ಕಥೆಯೂ ಅದೇ.

ನೀಲಗಿರಿಗೆ ಬಂದ ಹೆಂಚಿನ ಮಾಡು

ನೀಲಗಿರಿಯನ್ನು ಹತ್ತಿ ಬರೆದಿಟ್ಟ ಮೊದಲ ಯೂರೋಪಿಯನ್ ಇಂಗ್ಲಿಷಿನವನಲ್ಲ, ನಮ್ಮ ಒಬ್ಬ ಗುರು. 1603ರಲ್ಲಿ ಇಟಲಿಯ ಯೇಸುಸಭೆಯ ಫಾದರ್ ಫೆನಿಚಿಯೊ ಮಲಬಾರಿನ ಕಡೆಯಿಂದ ಕಾಡು ದಾಟಿ ಮೇಲೆ ಬಂದರು. ಅಲ್ಲೆಲ್ಲೋ ಹಳೆಯ ಕ್ರೈಸ್ತರು ಇದ್ದಾರೆಂಬ ಸುದ್ದಿ ಹಿಡಿದು ಬಂದವರಿಗೆ ಸಿಕ್ಕಿದ್ದು ಎಮ್ಮೆ ಕಾಯುವ ತೋದರು, ಉಳುವ ಬಡಗರು. ಆಗ ಅಲ್ಲಿ ಹೋಟೆಲು ಎಲ್ಲಿಂದ ಬರಬೇಕು!

ಇನ್ನೂರು ವರ್ಷ ಬಿಟ್ಟು, 1819ರಲ್ಲಿ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಹತ್ತಿ ಬಂದ. ಅವನು ಮೊದಲು ಬಿಡಾರ ಹೂಡಿದ್ದು ಊಟಿಯಲ್ಲಲ್ಲ, ಕೋತಗಿರಿಯ ಪಕ್ಕದ ದಿಂಹಟ್ಟಿಯಲ್ಲಿ. ಅದೇ ಆಸುಪಾಸಿನ ಕನ್ನೇರಿಮುಕ್ಕಿನಲ್ಲಿ ಅವನ ಕೆಂಪು ಬಂಗಲೆ ಈಗಲೂ ಇದೆ. ಪಾಳು ಬಿದ್ದಿದ್ದನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನೀಲಗಿರಿಯ ಬಂಗಲೆಗಳ ವಂಶವೃಕ್ಷದ ಬೇರು ಇದು. ಊಟಿಯ 'ಸ್ಟೋನ್ ಹೌಸ್' ಆಮೇಲಿನದು, 1822ರಲ್ಲಿ ಶುರುವಾದದ್ದು. ಅದೀಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ.

ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವರು ತಲೆ ಎತ್ತಿ ಮಾಡಿನ ತೊಲೆಗಳನ್ನು ನೋಡಬೇಕು. 1830ರ ಆ ಕಟ್ಟಡಕ್ಕೆ ಮರ ಬಂದದ್ದು ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯನ್ನು ಕಳಚಿ. 'ಅಪ್ಪಟ ಇಂಗ್ಲಿಷ್' ಎಂದು ಫೋಟೋ ತೆಗೆಸಿಕೊಳ್ಳುವ ಕಟ್ಟಡದ ಬೆನ್ನೆಲುಬು ಕಾವೇರಿ ತೀರದ್ದು! ಹೋಟೆಲುಗಳ ಕಥೆಯೂ ಹೀಗೆಯೇ ಬೆರಕೆ. ಊಟಿಯ 'ಸವಾಯ್' 1829ರಲ್ಲಿ ಮಿಷನರಿಗಳ ಶಾಲೆಯಾಗಿ ಹುಟ್ಟಿ ಮುಂದೆ ಹೋಟೆಲಾಯಿತು. 'ಫರ್ನ್‌ಹಿಲ್ಸ್' ಬಂಗಲೆಯನ್ನು 1840ರ ದಶಕದಲ್ಲಿ ಒಬ್ಬ ಆಂಗ್ಲ ಸೇನಾಧಿಕಾರಿ ಕಟ್ಟಿಸಿದ. 1873ರಲ್ಲಿ ಅದು ಮೈಸೂರು ಅರಮನೆಯ ಸೊತ್ತಾಗಿ, ಮಹಾರಾಜರ ಬೇಸಿಗೆ ಮನೆಯಾಗಿ, ಸ್ವಾತಂತ್ರ್ಯಾನಂತರ ಹೋಟೆಲಿನ ರೂಪ ತಾಳಿತು. ಇಂಗ್ಲೆಂಡಿನಲ್ಲಿ ತಂಗುಮನೆ ಮೊದಲಿನಿಂದಲೂ ತಂಗುಮನೆ. ನೀಲಗಿರಿಯಲ್ಲಿ ಹಾಗಲ್ಲ. ಶಾಲೆ, ಅರಮನೆ, ಅಧಿಕಾರಿಯ ಮನೆ, ತೋಟದ ದೊರೆಯ ಮನೆ, ಇವುಗಳು ಒಡೆಯರನ್ನು ಕಳೆದುಕೊಂಡ ಮೇಲೆ ಹೊಟ್ಟೆಪಾಡಿಗೆ ಅತಿಥಿಗಳನ್ನು ಒಳಗೆ ಬಿಟ್ಟುಕೊಂಡವು. ಬಾಗಿಲುಗಳನ್ನು ಕಟ್ಟಿದ್ದು ಎಲ್ಲರನ್ನೂ ಒಳಗೆ ಕರೆಯಲಿಕ್ಕಲ್ಲ.

ಕೋತಗಿರಿಗೆ ಒಂದು ಕಾಲದಲ್ಲಿ ಬಲು ಮರ್ಯಾದೆ ಇತ್ತು. ಮೊದಲ ಘಟ್ಟದ ರಸ್ತೆ ಇತ್ತ ಕಡೆಯೇ ಏರಿದ್ದು. 1855ರಲ್ಲಿ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ಆರೋಗ್ಯಕ್ಕೆಂದು ಕೋತಗಿರಿಯಲ್ಲಿ ತಂಗಿದ್ದ. ಕಾಕ್‌ಬರ್ನ್ ಕುಟುಂಬ ಇಲ್ಲಿ ಕಾಫಿ ಬೆಳೆಸಿತು. ಆ ಮನೆಯ ಮಗಳು 1863ರಲ್ಲಿ ಚಹಾ ತೋಟ ಹಾಕಿದಳು. ಅವಳ ತಾಯಿಯ ಹೆಸರೇ ಕ್ಯಾಥರಿನ್ ಜಲಪಾತಕ್ಕೆ. ಬಡಗರು ಅದನ್ನು ಕರೆಯುವುದು ಗೆದ್ದೆಹಾಡ ಹಳ್ಳ ಎಂದು. ಕಿವಿಗೆ ಎಷ್ಟು ಹತ್ತಿರ ನೋಡಿ! ಆದರೆ ಕುನೂರಿನ ಕಡೆಯ ಘಟ್ಟ ಸಲೀಸಾಯಿತು, 1899ರಲ್ಲಿ ರೈಲು ಕುನೂರು ಮುಟ್ಟಿತು, 1908ರಲ್ಲಿ ಊಟಿ ಸೇರಿತು. ಕೋತಗಿರಿಗೆ ರೈಲು ಬರಲೇ ಇಲ್ಲ. ಜನ, ಹಣ, ಹೋಟೆಲು ಎಲ್ಲ ಆ ಕಡೆ ಹರಿಯಿತು. ಊಟಿಗಿಂತ ತಗ್ಗಿನಲ್ಲಿ, ಸುಮಾರು 1,800 ಮೀಟರ್ ಎತ್ತರದಲ್ಲಿ, ಹದವಾದ ಚಳಿಯಲ್ಲಿ ಕೋತಗಿರಿ ತನ್ನ ಪಾಡಿಗೆ ತಾನು ಕುಳಿತಿತು.

ಕೋತಗಿರಿಯೆಂದರೆ ಕೋತರ ಗಿರಿ. ಕುಂಬಾರಿಕೆ, ಕಮ್ಮಾರಿಕೆ, ವಾದ್ಯ ಬಲ್ಲ ಕೋತ ಜನ ಇಲ್ಲಿನ ಮೂಲನಿವಾಸಿಗಳು. ಕೀಳ್ ಎಂದರೆ ಕೆಳಗಿನ. ನಮ್ಮ ಹಳಗನ್ನಡದಲ್ಲೂ ಅದೇ ಅರ್ಥ, 'ಕೀಳು' ಎಂಬುದಕ್ಕೆ ಹೀನ ಎನ್ನುವ ಅರ್ಥ ಆಮೇಲೆ ಅಂಟಿಕೊಂಡಿತು. ಪೇಟೆಯಿಂದ ಕೆಳಗಿಳಿದರೆ ಚಹಾ ತೋಟ, ನಡುನಡುವೆ ಬಡಗರ ಹಟ್ಟಿಗಳು, ಅಂಚಿನಲ್ಲಿ ಇರುಳರ ಊರುಗಳು. ಬಡಗರು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬಂದವರೆಂದು ಅವರದೇ ಹೇಳಿಕೆ. ಅವರ ನುಡಿ ಬೇರೆ ಭಾಷೆಯೆನ್ನುವವರಿದ್ದಾರೆ, ಕನ್ನಡದ ಕವಲೆನ್ನುವವರೂ ಇದ್ದಾರೆ. ನನಗೆ ಗೊತ್ತಿರುವುದಿಷ್ಟೇ: ಚಾಮರಾಜನಗರದ ನಮ್ಮ ಜನ ನಿಧಾನವಾಗಿ ಮಾತಾಡಿದರೆ ಅವರಿಗೆ ತಿಳಿಯುತ್ತದೆ, ಅವರು ನಿಧಾನವಾಗಿ ಮಾತಾಡಿದರೆ ನಮಗೂ ಮುಕ್ಕಾಲು ಪಾಲು ತಿಳಿಯುತ್ತದೆ.

ಅಡುಗೆಮನೆಯ ದಾರಿ

ಅದೇ ವಾರ ಕೋತಗಿರಿಯ ಕಡೆ ಕನ್ಯಾಸ್ತ್ರೀಯರಿಗೆ ಧ್ಯಾನಕೂಟ ನಡೆಸಲು ನಾನು ಒಪ್ಪಿಕೊಂಡಿದ್ದೆ. ಹೀಗಾಗಿ ಅವರ ಕಾರಿನಲ್ಲೇ ಹೊರಟೆ. ಬೆಳ್ಳಿಹಬ್ಬದ ದಂಪತಿಗಳ ನಡುವೆ ಸ್ವಾಮಿಗಳಿಗೇನು ಕೆಲಸ ಎನ್ನಬೇಡಿ. ನನ್ನ ಮಲಗುವ ವ್ಯವಸ್ಥೆ ಕಾನ್ವೆಂಟಿನಲ್ಲಿ, ಊಟಕ್ಕೆ ಮಾತ್ರ ಅವರ ಜೊತೆ. ಚಾಮರಾಜನಗರ, ಹಾಸನೂರು, ದಿಂಬಂ ಘಟ್ಟದ 27 ತಿರುವು ಇಳಿದು, ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಂ, ಅಲ್ಲಿಂದ ಕೋತಗಿರಿ. ಘಟ್ಟ ಇಳಿಯುವಾಗ ಬಿಸಿಲು, ಮತ್ತೊಂದು ಘಟ್ಟ ಏರುವಾಗ ಸ್ವೆಟರು.

ಕೋಣೆ ಗೊತ್ತು ಮಾಡಿದ್ದು ಪೇಟೆಯಿಂದ ದೂರದ ಒಂದು ಹಳೆಯ ತೋಟದ ಬಂಗಲೆಯಲ್ಲಿ. ಮಾಲೀಕರು ನಾಲ್ಕು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟಿದ್ದಾರೆ. ಹೆಸರು ಹಾಕಬೇಡಿ, ಜನ ಹೆಚ್ಚಾದರೆ ನಮಗಾಗದು ಎಂದರು. ಒಂದೂವರೆ ಅಡಿ ದಪ್ಪದ ಗೋಡೆ, ಮಂಗಳೂರು ಹೆಂಚು, ಮುಂದೆ ಗಾಜಿನ ಜಗಲಿ, ಪ್ರತಿ ಕೋಣೆಗೂ ಬೆಂಕಿಗೂಡು. ಅಡುಗೆಮನೆ ಮಾತ್ರ ಬೇರೆ. ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಮಾಡು ಹಾಕಿದ ಓಣಿಯ ತುದಿಯಲ್ಲಿ. ಹೊಗೆ, ಬೆಂಕಿಯ ಭಯಕ್ಕೆ ಹಾಗೆ ಕಟ್ಟುತ್ತಿದ್ದರು. ಆಳುಗಳ ಓಡಾಟ ದೊರೆಗಳ ಕಣ್ಣಿಗೆ ಬೀಳದಿರಲೆಂಬ ಕಾರಣವೂ ಇತ್ತು. ಸ್ನಾನದ ಮನೆಗೂ ಹಿಂದಿನಿಂದ ಒಂದು ಸಣ್ಣ ಬಾಗಿಲು: ನೀರು ತರುವವನು, ಕಸ ಒಯ್ಯುವವನು ಮನೆಯೊಳಗೆ ಕಾಲಿಡದೆ ಕೆಲಸ ಮುಗಿಸಿ ಹೋಗಲು. ಹಳೆಯ ಬಂಗಲೆಗೆ ಹೋದಾಗ ಈ ಬಾಗಿಲನ್ನು ಹುಡುಕಿ ನೋಡಿ. ಒಂದು ಕಾಲದ ಚರಿತ್ರೆ ಅಲ್ಲಿದೆ.

ಕಾರು ನಿಂತಿತು. ಯಜಮಾನರು ಮುಂದಿನ ಮೆಟ್ಟಿಲು ಹತ್ತಿದರು, ನಾನು ಬ್ಯಾಗು ಹಿಡಿದು ಹಿಂದೆ. ತಿರುಗಿ ನೋಡಿದರೆ ಆಕೆ ಇಲ್ಲ. ಮನೆಯನ್ನು ಬಳಸಿಕೊಂಡು, ಗೋಡೆ ಹಿಡಿದುಕೊಂಡೇ, ಹಿಂದಿನ ಅಡುಗೆಮನೆಯ ಕಡೆ ನಡೆದಿದ್ದರು!

"ಎಲ್ಲಿಗೆ ಹೋಗ್ತೀಯೆ, ಬಾಗಿಲು ಈ ಕಡೆ" ಎಂದು ಯಜಮಾನರು ಕೂಗಿದರು.

ಆಕೆ ನಿಂತು, ಒಂದು ಕ್ಷಣ ಏನೂ ತೋಚದವರಂತೆ ನೋಡಿ, ನಕ್ಕುಬಿಟ್ಟರು. "ಕಾಲು ಹಂಗೇ ಹೋಯ್ತು" ಎಂದರು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಪ್ಪನಿಗೆ ಊಟದ ಡಬ್ಬಿ ತರುತ್ತಿದ್ದ ದಾರಿ ಅದು. ಮನೆ ಬೇರೆ, ನಕ್ಷೆ ಒಂದೇ. ಮುಂದಿನ ಜಗಲಿಗೆ ಕಾಲಿಡಬಾರದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರಂತೆ. ಆಗ ದೊರೆ ಬಿಳಿಯನೂ ಅಲ್ಲ, ನಮ್ಮವರೇ. ಆದರೂ ಜಗಲಿಯ ಕಾನೂನು ಬದಲಾಗಿರಲಿಲ್ಲ.

ಆ ರಾತ್ರಿಯ ಊಟದ ಬಗ್ಗೆ ಹೇಳಲೇಬೇಕು. ಅಡುಗೆಯವರು ಬಡಗರ ಹಿರಿಯರು. ಮೊದಲು ಸೂಪು, ಬ್ರೆಡ್ಡು, ಕೋಳಿ ರೋಸ್ಟು ಬಂತು, ಬಂಗಲೆಯ ಮರ್ಯಾದೆಗೆ. ಕನ್ನಡ ಕೇಳಿದ ಮೇಲೆ ಅವರ ಮುಖ ಅರಳಿ, ತಮಗೆಂದು ಮಾಡಿಕೊಂಡಿದ್ದ ಎರಗಿಹಿಟ್ಟು, ಅವರೆಕಾಳಿನ ಉದಕವನ್ನು ಕೇಳಿ ಕೇಳಿ ತಂದಿಟ್ಟರು. ಎರಗಿಹಿಟ್ಟು ನಮ್ಮ ರಾಗಿಮುದ್ದೆಯ ದಾಯಾದಿ. ರೋಸ್ಟು ಅರ್ಧ ಉಳಿಯಿತು, ಮುದ್ದೆ ಉಳಿಯಲಿಲ್ಲ. ಕೊನೆಗೆ ಕ್ಯಾರಮೆಲ್ ಪುಡಿಂಗ್. ಆಕೆ ಒಂದು ಚಮಚ ಬಾಯಿಗಿಟ್ಟು, ಎದ್ದು, ಓಣಿ ದಾಟಿ ಅಡುಗೆಮನೆಗೆ ಹೋದರು. ಅರ್ಧ ಗಂಟೆ ಬರಲಿಲ್ಲ. ಅವರಪ್ಪ ಕ್ರಿಸ್ಮಸ್ಸಿಗೆ ಲೈನುಮನೆಯ ಒಲೆಯ ಮೇಲೆ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ ಇದನ್ನೇ ಮಾಡುತ್ತಿದ್ದರಂತೆ. ಸಕ್ಕರೆಯನ್ನು ಇನ್ನೂ ಸ್ವಲ್ಪ ಕಪ್ಪಾಗಿಸಬೇಕು, ಕಹಿ ತಾಗುವುದಕ್ಕೆ ಒಂದು ಗಳಿಗೆ ಮುಂಚೆ ಇಳಿಸಬೇಕು ಎಂಬುದು ಚರ್ಚೆ. ಹಿರಿಯರು ಒಪ್ಪಲಿಲ್ಲ, ಆಕೆಯೂ ಬಿಡಲಿಲ್ಲ.

ಹೊರಡುವ ಮುನ್ನ ತಿಳಿದಿರಲಿ

ಈಗ ಸ್ವಲ್ಪ ವ್ಯಾವಹಾರಿಕ. ಹಳೆಯ ಬಂಗಲೆಯೆಂದರೆ ದುಬಾರಿ ಎಂಬ ಭಯ ನಿಜವೇ. ಅರಮನೆಯ ಹೆಸರಿನ ಹೋಟೆಲುಗಳ ಬಾಡಿಗೆ ನಮ್ಮಂಥವರ ಕೈಗೆ ಎಟುಕದು. ಅಲ್ಲಿಗೆ ಒಂದು ಮಧ್ಯಾಹ್ನ ಚಹಾ ಕುಡಿಯಲು ಹೋಗಿ, ಕಟ್ಟಡ ನೋಡಿ ಬರಬಹುದು, ಯಾರೂ ತಡೆಯುವುದಿಲ್ಲ. ತಂಗಲು ಸಣ್ಣ ತೋಟದ ಮನೆಗಳೇ ಸರಿ. ಎರಡು ಮೂರು ಕುಟುಂಬ ಕೂಡಿ ಇಡೀ ಮನೆ ಹಿಡಿದರೆ ತಲೆಗೆ ಬೀಳುವ ಖರ್ಚು ಊಟಿಯ ಮೇ ತಿಂಗಳ ಲಾಡ್ಜಿಗಿಂತ ಬಹಳವೇನಲ್ಲ.

'ಹೆರಿಟೇಜ್' ಎಂಬ ಬೋರ್ಡಿಗೆ ಮರುಳಾಗಬೇಡಿ. ಒಮ್ಮೆ ನಾನು ಹಾಗೆ ಮರುಳಾಗಿ ಹೋದ ಕಡೆ ಮರದ ತೊಲೆಗಳು ಬಣ್ಣ ಬಳಿದ ಸಿಮೆಂಟು, ಬೆಂಕಿಗೂಡಿನಲ್ಲಿ ಕೆಂಪು ಬಲ್ಬು! ಮುಂಗಡ ಹಣ ಮಾತ್ರ ಅಸಲಿ, ಅದು ವಾಪಸು ಬರಲಿಲ್ಲ. ಕೋಣೆ ಗೊತ್ತು ಮಾಡುವ ಮೊದಲು ಫೋನಿನಲ್ಲಿ ಕೇಳಿ: ಮನೆ ಯಾವ ಕಾಲದ್ದು, ಮೊದಲು ಯಾರಿದ್ದರು, ಅಡುಗೆ ಯಾರು ಮಾಡುತ್ತಾರೆ? ಮೂರಕ್ಕೂ ಥಟ್ಟನೆ ಉತ್ತರ ಬಂದರೆ ನಂಬಬಹುದು. ಬಿಸಿನೀರು ಎಷ್ಟು ಹೊತ್ತಿಗೆ, ವಯಸ್ಸಾದವರಿಗೆ ಮೆಟ್ಟಿಲೆಷ್ಟು ಎಂಬುದನ್ನೂ ಕೇಳಿ. ಹಳೆಯ ಮನೆ ರಾತ್ರಿ ಸದ್ದು ಮಾಡುತ್ತದೆ, ಇಲಿ ಇರಬಹುದು, ಹಾಸಿಗೆ ತಂಪಾಗಿರುತ್ತದೆ. ಇದನ್ನು ಸಹಿಸಲಾಗದವರು ಹೊಸ ಲಾಡ್ಜಿಗೇ ಹೋಗುವುದು ಲೇಸು.

ಬೆಂಕಿಗೂಡಿನ ಬಗ್ಗೆ ಒಂದು ಗಂಭೀರ ಮಾತು. ಹೊಗೆಗೊಳವೆ ಶುಚಿಯಾಗಿದೆಯೇ ಎಂದು ವಿಚಾರಿಸದೆ ಬೆಂಕಿ ಹಾಕಿಸಬೇಡಿ. ಚಳಿ ಎಂದು ಬಾಣಲೆಯಲ್ಲಿ ಇದ್ದಿಲು ಕೆಂಡ ತುಂಬಿ ಕೋಣೆಯೊಳಗಿಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗುವುದನ್ನು ಎಂದಿಗೂ ಮಾಡಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಕೋತಗಿರಿಯ ಕಡೆಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಮಳೆಯೇ ಜೋರು. 2009ರ ನವೆಂಬರಿನಲ್ಲಿ ನೀಲಗಿರಿಯ ಭೂಕುಸಿತದಲ್ಲಿ 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ತಿಂಗಳುಗಳಲ್ಲಿ ಹವಾಮಾನ ವರದಿ ನೋಡಿಕೊಂಡೇ ಹೊರಡಿ. ಹೊರಗಿನ ವಾಹನಗಳಿಗೆ 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇ-ಪಾಸ್ ಜಾರಿಗೆ ಬಂದಿದೆ. ಹೊರಡುವ ಮುನ್ನ ಪಡೆದುಕೊಳ್ಳಿ. ಬಂಡೀಪುರ, ದಿಂಬಂ ಎರಡೂ ಕಡೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧ, ಮನೆಯಿಂದ ಸ್ಟೀಲಿನದು ಒಯ್ಯಿರಿ.

ಇನ್ನೊಂದು. ಮಸಿನಗುಡಿಯ ಕಡೆ 'ಕಾಡಿನ ಮಧ್ಯೆ' ಎಂದು ಆಸೆ ಹುಟ್ಟಿಸುವ ರೆಸಾರ್ಟುಗಳ ಜಾಹೀರಾತು ನೋಡಿರುತ್ತೀರಿ. ಅಲ್ಲಿನ ಸೀಗೂರು ಬಯಲು ಆನೆಗಳ ಹಾದಿ. 2018ರಲ್ಲಿ ಸುಪ್ರೀಂ ಕೋರ್ಟು ಹಲವು ರೆಸಾರ್ಟುಗಳಿಗೆ ಬೀಗ ಹಾಕಿಸಿತು, 2020ರ ಅಕ್ಟೋಬರಿನಲ್ಲಿ ಆನೆ ಹಾದಿಯ ಅಧಿಸೂಚನೆಯನ್ನು ಎತ್ತಿಹಿಡಿಯಿತು. ನಾವು ಅತಿಥಿಗಳಾಗಿ ಹೋಗುವ ಜಾಗದಲ್ಲಿ ಮನೆಯವರನ್ನೇ ಹೊರದೂಡಿ ಕಟ್ಟಿದ ಕೋಣೆ ಇದೆಯೇ ಎಂದು ಕೇಳಿ ನೋಡುವುದು ಒಳ್ಳೆಯದು. ಕೋತಗಿರಿಯ ಹಳೆಯ ಬಂಗಲೆಗಳಲ್ಲಿ ಹೊಸದಾಗಿ ಗುಡ್ಡ ಕೊರೆಯುವ ಪ್ರಶ್ನೆಯಿಲ್ಲ. ಇದ್ದ ಮನೆಗೆ ಹೆಂಚು ಬದಲಿಸಿದರೆ ಸಾಕು. ಬಾಡಿಗೆ ಬಂದರೆ ಹೆಂಚು ಬದಲಾಗುತ್ತದೆ. ಬಾರದಿದ್ದರೆ ಏನಾಗುತ್ತದೆಂಬುದನ್ನು ಮರುದಿನ ಕಂಡೆವು.

ಕೀಳ್ ಕೋತಗಿರಿಯಲ್ಲಿ

ಬೆಳಗಿನ ಪೂಜೆ ಮುಗಿಸಿ ಹೊರಟೆವು. ತೋಟದ ರಸ್ತೆ, ಇಕ್ಕೆಲದಲ್ಲಿ ಸಿಲ್ವರ್ ಓಕ್, ಎಲೆ ಕೀಳುವ ಹೆಂಗಸರು. ಎರಡು ಕಡೆ ದಾರಿ ಕೇಳಿದ ಮೇಲೆ ಅವರಪ್ಪ ಕೆಲಸ ಮಾಡಿದ ಬಂಗಲೆ ಸಿಕ್ಕಿತು. ತೋಟ ಕೈ ಬದಲಾಯಿಸಿ, ಮನೆಗೆ ಬೀಗ ಬಿದ್ದು ವರ್ಷಗಳಾಗಿದ್ದವು. ಮುಂದಿನ ಜಗಲಿಯ ಗಾಜು ಒಡೆದಿತ್ತು. ನಡುವಿನ ಹಾಲಿನ ಮಾಡು ಕುಸಿದು, ಬೆಂಕಿಗೂಡಿನ ಬಾಯಲ್ಲಿ ಜರೀಗಿಡ ಬೆಳೆದಿತ್ತು. ಕಾವಲುಗಾರ ತಮಿಳಿನವನು, ಒಳಗೆ ಬೇಡ, ಅಪಾಯ ಎಂದ. ಆತ ಹೇಳಿದ್ದು ಸರಿಯೇ.

ಆಕೆ ಈ ಸಲ ಬೇಕೆಂದೇ ಹಿಂದಿನ ದಾರಿ ಹಿಡಿದರು. ಅಡುಗೆಮನೆಗೆ ಮಾಡಿರಲಿಲ್ಲ, ಗೋಡೆ ನಿಂತಿತ್ತು. ಮಸಿ ಹಿಡಿದ ಒಲೆಯ ಕಟ್ಟೆ, ಪಕ್ಕದಲ್ಲಿ ಒಂದು ಕಲ್ಲಿನ ಮೆಟ್ಟಿಲು. "ಇಲ್ಲೇ ಕೂತಿರ್ತಿದ್ದೆ" ಎಂದರು. ಬಾಗಿಲಿಂದಾಚೆ ಅಪ್ಪ, ಈಚೆ ಇವರು. ಒಮ್ಮೆ ದೊಡ್ಡ ಔತಣದ ರಾತ್ರಿ ಅಪ್ಪ ಹೊರಗೆ ಬಂದು, ಬಟ್ಟಲಲ್ಲಿ ಉಳಿದ ಪುಡಿಂಗನ್ನು ಕೊಟ್ಟು, ತಿನ್ನುವವರೆಗೂ ಅಡ್ಡ ನಿಂತಿದ್ದರಂತೆ, ಯಾರೂ ನೋಡದಿರಲೆಂದು. ಅದನ್ನು ಹೇಳುವಾಗ ಅವರ ದನಿ ಮಾಮೂಲಾಗಿಯೇ ಇತ್ತು. ಯಜಮಾನರು ಮಾತ್ರ ಮುಖ ತಿರುಗಿಸಿ ಕಾರಿನ ಕೀ ಹುಡುಕತೊಡಗಿದರು. ಕೀ ಅವರ ಕೈಯಲ್ಲೇ ಇತ್ತು. 25 ವರ್ಷದಲ್ಲಿ ಈ ಸಂಗತಿ ಅವರಿಗೆ ತಿಳಿದದ್ದು ಅಂದೇ.

ಸಂಜೆ ತಂಗಿದ್ದ ಬಂಗಲೆಗೆ ಮರಳಿದಾಗ ಅಡುಗೆಯ ಹಿರಿಯರು ಕೇಳದೆಯೇ ಮತ್ತೆ ಪುಡಿಂಗ್ ಮಾಡಿಟ್ಟಿದ್ದರು. ಸಕ್ಕರೆ ನಿನ್ನೆಗಿಂತ ಕಪ್ಪು. ರುಚಿ ಹೇಗಿದೆ ಎಂದು ಕೇಳಲೂ ಇಲ್ಲ, ಬಾಗಿಲಲ್ಲಿ ನಿಂತು ಆಕೆಯ ಚಮಚವನ್ನೇ ನೋಡುತ್ತಿದ್ದರು. ಆಕೆ ತಲೆಯಾಡಿಸಿದ ಮೇಲೆ ಒಳಗೆ ಹೋದರು.

ಮೂರನೆಯ ದಿನ ಬೆಳಿಗ್ಗೆ ಲೆಕ್ಕ ತೀರಿಸುವಾಗ ಮಾಲೀಕರು ಅತಿಥಿಗಳ ಪುಸ್ತಕ ತಂದಿಟ್ಟರು. ಹೆಸರು, ಊರು, ಅಭಿಪ್ರಾಯ ಎಂಬ ಮೂರು ಕಲಂ. ಯಜಮಾನರು ಪೆನ್ನು ತೆಗೆದುಕೊಳ್ಳಹೋದರು, ಆಕೆ ಕೈ ನೀಡಿ ತಾವೇ ಇಸಿದುಕೊಂಡರು. ಮೊದಲ ಸಾಲಿನಲ್ಲಿ ತಮ್ಮ ತಂದೆಯ ಹೆಸರು ಬರೆದರು, ಅದರ ಕೆಳಗೆ ಗಂಡನದು, ತಮ್ಮದು. ಊರು ಎಂಬಲ್ಲಿ ಕೀಳ್ ಕೋತಗಿರಿ ಎಂದು ಬರೆದು, ಅಭಿಪ್ರಾಯದ ಕಲಂನಲ್ಲಿ ಬಹಳ ಹೊತ್ತು ಯೋಚಿಸಿ, 'ಪುಡಿಂಗ್ ಚೆನ್ನಾಗಿತ್ತು' ಎಂದಷ್ಟೇ ಬರೆದರು. ಆಮೇಲೆ ಮುಂದಿನ ಮೆಟ್ಟಿಲಿಳಿದು ಕಾರು ಹತ್ತಿದೆವು.